ಗುದ್ದಲಿ ಬೀಳುವ ಮುನ್ನ

(ಅಣೆಕಟ್ಟು, ನೀರಿನ ಕೊಳವೆ, ವಿದ್ಯುತ್ ಕೇಬಲ್, ಅನಿಲ ಮಾರ್ಗ- ಇವುಗಳಿಗಾಗಿ ನೆಲ ಅಗೆಯುವ ಮೊದಲು ಆ ನೆಲದೊಳಗೆ ಏನಿದೆ ಎಂದು ನೋಡುವ ಪುರಾತತ್ವ ಸಮೀಕ್ಷೆಯನ್ನು ಕುರಿತ ಉಪನ್ಯಾಸದ ಪಠ್ಯ.)



1978ರ ಫೆಬ್ರವರಿ 21ರ ಬೆಳಗಿನ ಜಾವ. ಮೆಕ್ಸಿಕೊ ದೇಶದ ರಾಜಧಾನಿಯಾದ ಮೆಕ್ಸಿಕೊ ನಗರದ ನಟ್ಟನಡುವೆ, ಎರಡು ಬೀದಿಗಳು ಕೂಡುವ ಮೂಲೆಯೊಂದರಲ್ಲಿ ವಿದ್ಯುತ್ ಕಂಪೆನಿಯ ಕೆಲಸಗಾರರು ನೆಲ ಅಗೆಯುತ್ತಿದ್ದರು. ಎಲ್ಲ ಊರುಗಳಲ್ಲೂ ದಿನನಿತ್ಯ ನಡೆಯುವಂಥ ಕೆಲಸ. ಸುಮಾರು ಎರಡು ಮೀಟರ್ ಆಳಕ್ಕೆ ಹೋದಾಗ ಹಾರೆಗೆ ಗಟ್ಟಿ ಕಲ್ಲು ತಗುಲಿತು. ಮಣ್ಣು ಸರಿಸಿ ನೋಡಿದರೆ ಕಲ್ಲಿನ ಮೇಲೆ ಕೆತ್ತನೆ! ಕೆಲಸಗಾರರು ಅಗೆತ ನಿಲ್ಲಿಸಿದರು. ಸುದ್ದಿ ಅಲ್ಲಿನ ಪುರಾತತ್ವ ಸಂಸ್ಥೆಗೆ ಮುಟ್ಟಿತು. ತಜ್ಞರು ಬಂದು ಮಣ್ಣು ಬಿಡಿಸಿದಾಗ ಹೊರಬಂದದ್ದು ಮೂರು ಮೀಟರಿಗೂ ಹೆಚ್ಚು ಅಗಲದ, ಹಲವು ಟನ್ ತೂಕದ ದುಂಡು ಶಿಲೆ. ಅದರ ಮೇಲಿದ್ದುದು ಆಜ್ಟೆಕ್ ಜನರ ಪುರಾಣದ ಕೊಯೊಲ್ಷಾಕಿ ಎಂಬ ದೇವತೆಯ ಉಬ್ಬುಚಿತ್ರ.

ಆ ಒಂದು ಗುಂಡಿಯಿಂದ ಆರಂಭವಾದ ಉತ್ಖನನ ಆಜ್ಟೆಕ್ ಸಾಮ್ರಾಜ್ಯದ ಮಹಾದೇಗುಲವನ್ನೇ ಬೆಳಕಿಗೆ ತಂದಿತು. ಎಡ್ವರ್ಡೊ ಮಾಟೊಸ್ ಮೊಕ್ಟೆಸುಮ ಎಂಬ ಪುರಾತತ್ವಜ್ಞರ ನೇತೃತ್ವದಲ್ಲಿ ವರ್ಷಗಟ್ಟಲೆ ಕೆಲಸ ನಡೆಯಿತು. 1987ರಲ್ಲಿ ಅಲ್ಲೇ ವಸ್ತುಸಂಗ್ರಹಾಲಯವೂ ತೆರೆಯಿತು. ಐನೂರು ವರ್ಷಗಳ ಹಿಂದೆ ಸ್ಪೇನ್ ಸೈನಿಕರು ಕೆಡವಿ, ಮೇಲೆ ಹೊಸ ಊರು ಕಟ್ಟಿ ಮುಚ್ಚಿಹಾಕಿದ್ದ ಚರಿತ್ರೆ ವಿದ್ಯುತ್ ಕೆಲಸದ ನೆಪದಲ್ಲಿ ಮರಳಿ ಬಂತು.

ಈ ಕಥೆಯನ್ನು ಹೇಳುವಾಗ ಎಲ್ಲರೂ ‘ಅದೃಷ್ಟ’ ಎನ್ನುತ್ತಾರೆ. ಅದೃಷ್ಟವೇ ಸರಿ. ಆದರೆ ಅಲ್ಲೊಂದು ಪ್ರಶ್ನೆಯೂ ಅಡಗಿದೆ. ಆ ದಿನ ಹಾರೆ ಹಿಡಿದವರು ನಿಲ್ಲಿಸಿದರು. ಜಗತ್ತಿನ ಊರೂರುಗಳಲ್ಲಿ ನಿಲ್ಲಿಸದೆ ಮುಂದುವರಿದ ಹಾರೆಗಳೆಷ್ಟು? ಆ ಲೆಕ್ಕ ಯಾರ ಬಳಿಯೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಒಡೆದುಹೋದದ್ದು ಏನೆಂದು ತಿಳಿಯುವ ಮೊದಲೇ ಅದು ಮಣ್ಣಿನ ಜತೆ ಲಾರಿ ಏರಿ ಹೋಗಿರುತ್ತದೆ. ಅದೃಷ್ಟವನ್ನು ನಂಬಿ ಕೂರುವ ಬದಲು, ಅಗೆಯುವ ಮೊದಲೇ ನೆಲವನ್ನು ಓದಿ ನೋಡುವ ವಿಧಾನಕ್ಕೆ ಪುರಾತತ್ವ ಸಮೀಕ್ಷೆ ಎಂದು ಹೆಸರು. ಇಂದಿನ ಮಾತು ಅದರ ಬಗ್ಗೆ.

ಕಲ್ಲು ಮತ್ತು ಅದರ ಜಾಗ

ಮೊದಲು ಒಂದು ತಪ್ಪು ಕಲ್ಪನೆಯನ್ನು ದೂರ ಮಾಡಿಕೊಳ್ಳಬೇಕು. ‘ಅಗೆಯುವಾಗ ವಿಗ್ರಹವೋ ಶಾಸನವೋ ಸಿಕ್ಕರೆ ಎತ್ತಿ ಮ್ಯೂಸಿಯಮ್ಮಿಗೆ ಕೊಟ್ಟರಾಯಿತು, ಮೊದಲೇ ಸಮೀಕ್ಷೆ ಏಕೆ?’ ಎಂದು ಕೇಳುವವರಿದ್ದಾರೆ. ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ಇದಕ್ಕೆ ಉತ್ತರ ನಮ್ಮ ಕಲಬುರಗಿ ಜಿಲ್ಲೆಯಲ್ಲೇ ಇದೆ.

ಭೀಮಾ ನದಿಯ ದಂಡೆಯಲ್ಲಿರುವ ಸನ್ನತಿಯ ಚಂದ್ರಲಾಂಬಾ ದೇಗುಲದ ಆವರಣದಲ್ಲಿ ಒಂದು ಕಾಳಿ ಗುಡಿ ಇತ್ತು. 1980ರ ದಶಕದಲ್ಲಿ ಅದರ ಚಾವಣಿ ಕುಸಿಯಿತು. ಆಗ ವಿಗ್ರಹದ ಪೀಠವಾಗಿದ್ದ ಚಪ್ಪಡಿಯ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಓದಿದಾಗ ಅದು ಅಶೋಕ ಚಕ್ರವರ್ತಿಯ ಶಾಸನವೆಂದು ತಿಳಿದು ನಾಡೆಲ್ಲ ಬೆರಗಾಯಿತು. ಆದರೆ ವಿಗ್ರಹ ನಿಲ್ಲಿಸಲು ಹಿಂದೆಂದೋ ಯಾರೋ ಚಪ್ಪಡಿಯ ನಡುವೆ ತೂತು ಕೊರೆದಿದ್ದರು. ಅಷ್ಟು ಅಕ್ಷರಗಳು ಹೋದವು. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಆ ಚಪ್ಪಡಿ ಮೊದಲು ನಿಂತಿದ್ದ ಜಾಗ ಅದರ ಜತೆ ಬರಲಿಲ್ಲ. ಅದರ ಸುತ್ತ ಊರಿತ್ತೇ, ಸಂತೆಯಿತ್ತೇ, ಹೆದ್ದಾರಿಯಿತ್ತೇ, ಯಾರು ನಿಂತು ಓದುತ್ತಿದ್ದರು- ಈ ಯಾವ ಪ್ರಶ್ನೆಗೂ ಪೀಠವಾಗಿದ್ದ ಕಲ್ಲು ಉತ್ತರ ಹೇಳಲಾರದು.

ಅಲ್ಲೇ ಸಮೀಪದ ಕನಗನಹಳ್ಳಿಯ ಕಥೆ ಬೇರೆ. ಅಲ್ಲಿ 1990ರ ದಶಕದಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಪದರ ಪದರವಾಗಿ ಉತ್ಖನನ ನಡೆಸಿತು. ಬೃಹತ್ ಬೌದ್ಧ ಸ್ತೂಪವೊಂದು ಬಿದ್ದ ಸ್ಥಿತಿಯಲ್ಲೇ ಸಿಕ್ಕಿತು. ಅಶೋಕನ ಚಿತ್ರವಿರುವ, ಕೆಳಗೆ ‘ರಾಯೊ ಅಸೋಕೊ’ ಎಂದು ಹೆಸರು ಬರೆದಿರುವ ಶಿಲಾಫಲಕ ದೊರೆತದ್ದು ಇಲ್ಲೇ. ಯಾವ ಫಲಕ ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದು ದಾಖಲಾದ ಕಾರಣ ಸ್ತೂಪದ ರೂಪವನ್ನು ಊಹಿಸಲು ದಾರಿಯಾಯಿತು.

ನೆಲವೆಂಬುದು ಹಳೆಯ ಲೆಕ್ಕದ ಪುಸ್ತಕವಿದ್ದಂತೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಒಲೆಯ ಬೂದಿ, ಸುಟ್ಟ ಕಾಳು, ಮಡಕೆಯ ಬೋಕಿ, ಮುರಿದ ಬಳೆ- ಬಿಡಿಬಿಡಿಯಾಗಿ ಇವುಗಳಿಗೆ ಬೆಲೆಯಿಲ್ಲ. ಆದರೆ ಒಂದೇ ಪದರದಲ್ಲಿ ಜತೆಯಾಗಿ ಸಿಕ್ಕರೆ ಒಂದು ಮನೆಯ, ಒಂದು ಕಾಲದ ಬಾಳುವೆ ತಿಳಿಯುತ್ತದೆ. ಜೆಸಿಬಿಯ ಹಲ್ಲು ಒಮ್ಮೆ ಆಡಿದರೆ ಸಾವಿರ ವರ್ಷಗಳ ಪುಟಗಳು ಕಲಸಿಹೋಗುತ್ತವೆ. ಬಳಿಕ ಎಷ್ಟು ವಸ್ತು ಆರಿಸಿದರೂ ಪುಟದ ಸಂಖ್ಯೆ ಸಿಗದು. ಸಮೀಕ್ಷೆ ‘ಮೊದಲೇ’ ಆಗಬೇಕು ಎನ್ನುವುದಕ್ಕೆ ಇದೇ ಕಾರಣ.

ನೈಲ್ ನದಿಯ ಪಾಠ

ಈ ವಿಚಾರ ಹೊಸದೇನಲ್ಲ. ನೂರು ವರ್ಷಕ್ಕೂ ಹಳೆಯದು. ಈಜಿಪ್ಟಿನ ಆಸ್ವಾನ್‌ನಲ್ಲಿ 1902ರ ವೇಳೆಗೆ ನೈಲ್ ನದಿಗೆ ಅಣೆಕಟ್ಟು ಕಟ್ಟಿಯಾಗಿತ್ತು. ಹೊಲಗಳಿಗೆ ಇನ್ನಷ್ಟು ನೀರು ಬೇಕೆಂದು ಅದರ ಎತ್ತರ ಹೆಚ್ಚಿಸಲು ಸರ್ಕಾರ ತೀರ್ಮಾನಿಸಿತು. ಎತ್ತರಿಸಿದರೆ ನದಿಯ ಮೇಲ್ಭಾಗದ ನೂಬಿಯ ಪ್ರದೇಶದ ದಂಡೆಗಳು ಮುಳುಗುತ್ತವೆ. ಮುಳುಗುವ ಮೊದಲು ಅಲ್ಲಿ ಏನಿದೆ ಎಂದು ನೋಡಿ ದಾಖಲಿಸಲು 1907ರಲ್ಲಿ ಒಂದು ಸಮೀಕ್ಷೆ ಆರಂಭವಾಯಿತು. ಮೊದಲ ಹಂತದ ನೇತೃತ್ವ ಅಮೆರಿಕದ ಪುರಾತತ್ವಜ್ಞ ಜಾರ್ಜ್ ರೈಸ್ನರ್ ಅವರದು.

ರೈಸ್ನರ್ ಕಣ್ಣಿಗೆ ಕಾಣುವ ಗುಡಿಗಳನ್ನಷ್ಟೇ ನೋಡಲಿಲ್ಲ. ದಂಡೆಯ ಉದ್ದಕ್ಕೂ ಒಂದೊಂದೇ ಸ್ಮಶಾನವನ್ನು ಶೋಧಿಸುತ್ತ ಸಾಗಿದರು. ಸಾವಿರಾರು ಗೋರಿಗಳ ಅಧ್ಯಯನ ನಡೆಯಿತು. ಅಂಗರಚನಾ ತಜ್ಞರು ಅಸ್ಥಿಗಳನ್ನು ಪರೀಕ್ಷಿಸಿದರು. ಇದರಿಂದ ಜಗತ್ತು ಅದುವರೆಗೆ ಅರಿಯದಿದ್ದ ಜನಸಮುದಾಯಗಳು ಬೆಳಕಿಗೆ ಬಂದವು. ಅವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಿದ್ದರೋ ತಿಳಿಯದ ಕಾರಣ ರೈಸ್ನರ್ ಅವರಿಗೆ ‘ಎ-ಗುಂಪು’, ‘ಸಿ-ಗುಂಪು’ ಎಂದು ಅಕ್ಷರಗಳನ್ನೇ ಹೆಸರಾಗಿಟ್ಟರು. ವಿದ್ವಾಂಸರು ಇಂದಿಗೂ ಆ ಹೆಸರುಗಳನ್ನು ಬಳಸುತ್ತಾರೆ. ಆ ಸಮೀಕ್ಷೆ ನಡೆಯದಿದ್ದರೆ ಆ ಜನ ತಮ್ಮ ಗೋರಿಗಳೊಡನೆ ನೀರಿನಡಿ ಕರಗಿಹೋಗುತ್ತಿದ್ದರು.

ಐವತ್ತು ವರ್ಷಗಳ ನಂತರ ಅಲ್ಲೇ ಇನ್ನೂ ಎತ್ತರದ ಅಣೆಕಟ್ಟು ಬಂತು. 1960ರಲ್ಲಿ ಯುನೆಸ್ಕೊ ಜಗತ್ತಿಗೇ ಮೊರೆಯಿಟ್ಟಿತು. ಅಬು ಸಿಂಬೆಲ್‌ನ ಬೃಹತ್ ಗುಡಿಗಳನ್ನು ಕೊಯ್ದು, ತುಂಡು ತುಂಡಾಗಿ ಮೇಲಕ್ಕೆ ಸಾಗಿಸಿ ಮರುಜೋಡಿಸಿದ ಸಾಹಸ ಬಹಳ ಮಂದಿಗೆ ಗೊತ್ತು. ಗೊತ್ತಿಲ್ಲದ ಸಂಗತಿ ಎಂದರೆ ಆ ಕೆಲಸದಲ್ಲಿ ಭಾರತವೂ ಪಾಲ್ಗೊಂಡಿತ್ತು. ಬಿ.ಬಿ. ಲಾಲ್ ಅವರ ನೇತೃತ್ವದಲ್ಲಿ ಭಾರತೀಯ ತಂಡವೊಂದು 1960ರ ದಶಕದ ಆರಂಭದಲ್ಲಿ ನೂಬಿಯಕ್ಕೆ ಹೋಗಿ ಆಫ್ಯೆ ಎಂಬಲ್ಲಿ ಉತ್ಖನನ ನಡೆಸಿತು. ಅಷ್ಟರಲ್ಲಿ ನಮ್ಮವರಿಗೆ ಮುಳುಗಡೆ ಪ್ರದೇಶದ ಉತ್ಖನನ ಹೊಸದಾಗಿರಲಿಲ್ಲ. ತವರಿನಲ್ಲೇ ಅಂಥದೊಂದು ದೊಡ್ಡ ಕೆಲಸವನ್ನು ಆಗಷ್ಟೇ ಮುಗಿಸಿದ್ದರು.

ಕಣಿವೆ ಮುಳುಗುವ ಮೊದಲು

ಅದು ಕೃಷ್ಣಾ ನದಿಯ ದಂಡೆಯ ನಾಗಾರ್ಜುನಕೊಂಡ. ಆಂಧ್ರದ ಪಲ್ನಾಡು ಸೀಮೆಯಲ್ಲಿ, ಬೆಟ್ಟಗಳು ಸುತ್ತುವರಿದ ಸುಮಾರು 23 ಚದರ ಕಿಲೊಮೀಟರಿನ ಕಣಿವೆ. ಕ್ರಿಸ್ತಶಕ ಮೂರು-ನಾಲ್ಕನೇ ಶತಮಾನಗಳಲ್ಲಿ ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿ ಇಲ್ಲಿತ್ತು. 1926ರಲ್ಲಿ ಇಲ್ಲಿನ ಅವಶೇಷಗಳು ವಿದ್ವಾಂಸರ ಗಮನಕ್ಕೆ ಬಂದವು. ಮರುವರ್ಷದಿಂದ ಎ.ಎಚ್. ಲಾಂಗ್‌ಹರ್ಸ್ಟ್, 1938ರಲ್ಲಿ ಟಿ.ಎನ್. ರಾಮಚಂದ್ರನ್ ಉತ್ಖನನ ನಡೆಸಿದರು. ಸ್ತೂಪಗಳು, ವಿಹಾರಗಳು, ಸುಂದರ ಶಿಲ್ಪಗಳು ದೊರೆತವು. ನಾಗಾರ್ಜುನಕೊಂಡ ಎಂದರೆ ಬೌದ್ಧ ಕ್ಷೇತ್ರ ಎಂಬ ಅಭಿಪ್ರಾಯ ನೆಲೆಯೂರಿತು.

ಕನ್ನಡಿಗರಿಗೆ ಈ ಊರು ಪರಕೀಯವಲ್ಲ. ಇಕ್ಷ್ವಾಕು ಅರಸ ವೀರಪುರುಷದತ್ತನ ಮಗಳು ಕೊಡಬಲಿಸಿರಿ ವನವಾಸದ ಮಹಾರಾಜನ ರಾಣಿ. ವನವಾಸವೆಂದರೆ ನಮ್ಮ ಬನವಾಸಿ. ಈಕೆ ನಾಗಾರ್ಜುನಕೊಂಡದಲ್ಲಿ ಮಹೀಶಾಸಕ ಪಂಥದ ಬೌದ್ಧ ಆಚಾರ್ಯರಿಗಾಗಿ ವಿಹಾರ ಕಟ್ಟಿಸಿದಳೆಂದು ಅಲ್ಲಿನ ಶಾಸನ ಹೇಳುತ್ತದೆ. ಕದಂಬರಿಗೂ ಮೊದಲಿನ ಬನವಾಸಿಯ ರಾಜಮನೆತನದ ಬಾಂಧವ್ಯವನ್ನು ನೂರಾರು ಮೈಲಿ ದೂರದ ಕಣಿವೆಯ ಒಂದು ಕಂಬ ನೆನಪಿಟ್ಟುಕೊಂಡಿತ್ತು.

ಸ್ವಾತಂತ್ರ್ಯಾನಂತರ ಅದೇ ಜಾಗದಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟುವ ಯೋಜನೆ ಸಿದ್ಧವಾಯಿತು. ಕಣಿವೆ ಪೂರ್ತಿ ಮುಳುಗುವುದು ಖಚಿತವಾಯಿತು. ಪುರಾತತ್ವ ಇಲಾಖೆ 1954ರಲ್ಲಿ ಆರ್. ಸುಬ್ರಹ್ಮಣ್ಯಂ ಅವರ ನೇತೃತ್ವದಲ್ಲಿ ವಿಶೇಷ ಯೋಜನೆ ಆರಂಭಿಸಿತು. ಪ್ರಧಾನಿ ನೆಹರೂ ಅಣೆಕಟ್ಟಿಗೆ ಶಂಕುಸ್ಥಾಪನೆ ಮಾಡಿದ್ದು 1955ರ ಡಿಸೆಂಬರ್ 10ರಂದು. ಅಂದರೆ ಶಂಕುಸ್ಥಾಪನೆಗೂ ಮೊದಲೇ ಸಲಿಕೆ ಹಿಡಿದ ಪುರಾತತ್ವಜ್ಞರು ಕಣಿವೆಯಲ್ಲಿದ್ದರು. ಇದು ಗಮನಿಸಬೇಕಾದ ಅಂಶ.

ಆರು ವರ್ಷಗಳ ಕೆಲಸದಲ್ಲಿ ನೂರಕ್ಕೂ ಹೆಚ್ಚು ತಾಣಗಳ ಉತ್ಖನನ ನಡೆಯಿತು. ಆಗ ಹಳೆಯ ಅಭಿಪ್ರಾಯ ಬದಲಾಯಿತು. ಸ್ತೂಪ ವಿಹಾರಗಳ ಜತೆಗೆ ಕೋಟೆ ಕಂಡಿತು, ನದಿಯ ಸ್ನಾನಘಟ್ಟ ಕಂಡಿತು, ಕಾರ್ತಿಕೇಯನೂ ಸೇರಿದಂತೆ ಹಿಂದೂ ದೇವತೆಗಳ ಗುಡಿಗಳು ಕಂಡವು. ಸುತ್ತಲೂ ಮೆಟ್ಟಿಲು ಮೆಟ್ಟಿಲಾದ ಆಸನಗಳಿರುವ ಕ್ರೀಡಾಂಗಣ ಹೊರಬಂತು. ಇನ್ನೂ ಕೆಳಗೆ ಬೃಹತ್ ಶಿಲಾಯುಗದ ಸಮಾಧಿಗಳು, ಅದಕ್ಕೂ ಹಿಂದಿನ ನವಶಿಲಾಯುಗದ ವಸತಿಗಳು, ಆದಿಮಾನವನ ಕಲ್ಲಿನ ಆಯುಧಗಳು. ಸ್ಮಾರಕಗಳನ್ನು ಹುಡುಕಿ ಹೋದವರಿಗೆ ವಿಹಾರ ಕಂಡಿತ್ತು. ಇಡೀ ನೆಲವನ್ನು ನೋಡಿದವರಿಗೆ ಊರು ಕಂಡಿತು. ಸಮೀಕ್ಷೆಯ ಸಾರವೆಲ್ಲ ಈ ಒಂದು ಮಾತಿನಲ್ಲಿದೆ ಎನ್ನಲಡ್ಡಿಯಿಲ್ಲ.

ಆಯ್ದ ಕಟ್ಟಡಗಳನ್ನು ಕಳಚಿ ಬೆಟ್ಟದ ನೆತ್ತಿಗೂ ದಂಡೆಯ ಅನುಪು ಎಂಬಲ್ಲಿಗೂ ಸಾಗಿಸಿ ಮತ್ತೆ ಕಟ್ಟಲಾಯಿತು. ನೀರು ತುಂಬಿದಾಗ ಬೆಟ್ಟ ದ್ವೀಪವಾಯಿತು. 1967ರಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಇಂದು ದೋಣಿಯಲ್ಲಿ ಹೋಗಿ ದ್ವೀಪದ ವಸ್ತುಸಂಗ್ರಹಾಲಯ ನೋಡುವವರಿಗೆ ತಮ್ಮ ದೋಣಿಯ ಕೆಳಗೆ ವಿಜಯಪುರಿಯ ಬೀದಿಗಳಿವೆ ಎಂಬ ನೆನಪು ಬರುವುದು ಕಡಿಮೆ.

ಇಲ್ಲಿ ಎಲ್ಲವೂ ಸರಿಯಾಯಿತು ಎಂದೂ ಹೇಳುವಂತಿಲ್ಲ. ಉತ್ಖನನದ ವರದಿಯ ಮೊದಲ ಸಂಪುಟ ಪ್ರಕಟವಾದದ್ದು 1975ರಲ್ಲಿ. ಇತಿಹಾಸ ಕಾಲವನ್ನು ಕುರಿತ ಎರಡನೆಯದು 2006ರಲ್ಲಿ. ಅಗೆದ ನೆಲ ನೀರಿನಡಿ ಇರುವಾಗ ವರದಿಯೊಂದೇ ಉಳಿಯುವ ಸಾಕ್ಷಿ. ಅದು ಅಷ್ಟು ತಡವಾಗುವುದು ಅರ್ಧ ಮುಳುಗಡೆಗೆ ಸಮ. ಹಾಗಿದ್ದರೂ ಸಮೀಕ್ಷೆಯೇ ನಡೆಯದಿದ್ದರೆ ವರದಿಗೆ ಕಾಯುವ ಪ್ರಶ್ನೆಯೂ ಇರುತ್ತಿರಲಿಲ್ಲ.

ಕೊಳವೆ ಹೋಗುವ ದಾರಿ

ಅಣೆಕಟ್ಟಿನ ಮಾತು ದೊಡ್ಡದು; ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಇಂದು ಹೆಚ್ಚು ನೆಲ ಅಗೆಯುತ್ತಿರುವುದು ಕಣ್ಣಿಗೆ ಬೀಳದ ಕೆಲಸಗಳಿಗೆ. ನೀರಿನ ಕೊಳವೆ, ಒಳಚರಂಡಿ, ಭೂಗತ ಕೇಬಲ್, ಅನಿಲ ಮಾರ್ಗ- ಒಂದೆರಡು ಅಡಿ ಅಗಲದ ಕಾಲುವೆ, ಆದರೆ ನೂರಾರು ಕಿಲೊಮೀಟರ್ ಉದ್ದ.

ಅಮೆರಿಕದಲ್ಲಿ 1950ರಲ್ಲಿ ಎಲ್ ಪಾಸೊ ನ್ಯಾಚುರಲ್ ಗ್ಯಾಸ್ ಕಂಪೆನಿ ನೈರುತ್ಯ ರಾಜ್ಯಗಳಲ್ಲಿ ಕೊಳವೆ ಮಾರ್ಗ ಹಾಕುತ್ತಿತ್ತು. ಮೂಲನಿವಾಸಿಗಳ ಪ್ರಾಚೀನ ವಸತಿಗಳು ತುಂಬಿರುವ ಸೀಮೆ ಅದು. ಸರ್ಕಾರದ ಪುರಾತತ್ವ ಸಲಹೆಗಾರ ಜೆಸ್ಸಿ ನುಸ್‌ಬಾಮ್ ಅವರ ಒತ್ತಾಯದಿಂದ ಕಂಪೆನಿ ತನ್ನ ಖರ್ಚಿನಲ್ಲೇ ಪುರಾತತ್ವಜ್ಞರನ್ನು ಜತೆಗೆ ಕರೆದೊಯ್ಯಲು ಒಪ್ಪಿತು. ಯಂತ್ರಗಳಿಗೆ ಮುಂಚೆ ತಜ್ಞರು ದಾರಿ ನಡೆದು ನೋಡಿದರು. ಸಿಕ್ಕ ತಾಣಗಳನ್ನು ಅಗೆದು ದಾಖಲಿಸಿದರು. ಅದರ ವರದಿ 1956ರಲ್ಲಿ ಪುಸ್ತಕವಾಗಿ ಬಂತು. 1966ರಲ್ಲಿ ಆ ದೇಶ ಕಾನೂನು ಮಾಡಿ, ಕೇಂದ್ರ ಸರ್ಕಾರದ ಹಣ ಅಥವಾ ಪರವಾನಗಿ ಇರುವ ಕಾಮಗಾರಿಗಳು ಚಾರಿತ್ರಿಕ ತಾಣಗಳಿಗೆ ಏನು ಮಾಡುತ್ತವೆ ಎಂದು ಮೊದಲೇ ಪರಿಶೀಲಿಸಬೇಕೆಂದಿತು. 1990ರಲ್ಲಿ ಇಂಗ್ಲೆಂಡ್ ಹೊರಡಿಸಿದ ಮಾರ್ಗಸೂಚಿ ಕಟ್ಟುವವನೇ ವೆಚ್ಚ ಭರಿಸುವ ಪದ್ಧತಿಯನ್ನು ನೆಲೆಗೊಳಿಸಿತು. ನಂತರ ಆ ಮಾರ್ಗಸೂಚಿಯ ಹೆಸರು ಬದಲಾದರೂ ಪದ್ಧತಿ ಉಳಿದಿದೆ.

ಇದಕ್ಕಿಂತ ರೋಚಕವಾದದ್ದು ಪೆರು ದೇಶದ ರಾಜಧಾನಿ ಲಿಮಾದ ಅನುಭವ. 2004ರಲ್ಲಿ ಅಲ್ಲಿ ಮನೆಮನೆಗೆ ಅನಿಲ ಒದಗಿಸುವ ಕೊಳವೆಗಳ ಕೆಲಸ ಆರಂಭವಾಯಿತು. ಕೊಳವೆ ಹಾಕುವ ಕಂಪೆನಿ ಪುರಾತತ್ವಜ್ಞರನ್ನು ನೇಮಿಸಿಕೊಳ್ಳಲೇಬೇಕೆಂಬುದು ಅಲ್ಲಿನ ಕಾನೂನು. ಇಪ್ಪತ್ತು ವರ್ಷಗಳಲ್ಲಿ ಆ ಒಂದೇ ಕಂಪೆನಿಯ ಅಗೆತದಲ್ಲಿ ಎರಡು ಸಾವಿರದಷ್ಟು ಪುರಾತನ ಕುರುಹುಗಳು ದೊರೆತಿವೆ. 2021ರಲ್ಲಿ ಲಿಮಾದ ದಕ್ಷಿಣಕ್ಕಿರುವ ಚಿಲ್ಕ ಎಂಬಲ್ಲಿ ಸುಮಾರು 800 ವರ್ಷ ಹಳೆಯ ಎಂಟು ಜನರ ಸಮಾಧಿ ಸಿಕ್ಕಿತು. ಜತೆಗೆ ಆಹಾರ, ಸಂಗೀತ ವಾದ್ಯ. ರಾಜರ ಗೋರಿಯಲ್ಲ, ಸಾಮಾನ್ಯರದು. ಕೊಳವೆಗೆ ರಾಜನೂ ಒಂದೇ, ರೈತನೂ ಒಂದೇ. ಅದು ಮ್ಯಾಪಿನ ಮೇಲೆ ಎಳೆದ ಗೆರೆಯಂತೆ ಹೋಗುತ್ತದೆ. ಹಾಗಾಗಿಯೇ ಯಾವ ವಿದ್ವಾಂಸನೂ ಹುಡುಕಿ ಹೋಗದ ಬಡವರ ಚರಿತ್ರೆ ಅದಕ್ಕೆ ಸಿಗುತ್ತದೆ. ಅಷ್ಟು ಸಿಕ್ಕರೂ ಲಿಮಾದ ಮನೆಗಳಿಗೆ ಅನಿಲ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. ಕೊಳವೆಯೂ ಬಂತು, ಚರಿತ್ರೆಯೂ ಉಳಿಯಿತು.

ಸಮೀಕ್ಷೆ ಎಂದರೇನು?

ಸಮೀಕ್ಷೆ ಎಂದಕೂಡಲೇ ವರ್ಷಗಟ್ಟಲೆ ಕೆಲಸ ನಿಲ್ಲುತ್ತದೆ ಎಂಬ ಭಯವಿದೆ. ಅದು ನಡೆಯುವ ಬಗೆಯನ್ನು ತಿಳಿದರೆ ಭಯ ಅರ್ಧ ಇಳಿಯುತ್ತದೆ.

ಮೊದಲ ಹಂತ ಕಚೇರಿಯಲ್ಲೇ ನಡೆಯುತ್ತದೆ. ಹಳೆಯ ನಕಾಶೆ, ಶಾಸನ ಸಂಪುಟ, ಗೆಜೆಟಿಯರ್, ಕಂದಾಯ ದಾಖಲೆಗಳನ್ನು ನೋಡುವುದು. ಇದಕ್ಕೆ ಖರ್ಚು ಅತ್ಯಲ್ಪ. ಕಂದಾಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಗ್ರಾಮವನ್ನು ‘ಬೇಚರಾಕ್’ ಎಂದು ಬರೆದಿರುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಊರಿತ್ತು ಎಂದೇ ಅದರ ಅರ್ಥ. ‘ಹಾಳೂರು’, ‘ಹಳೇ ಊರು’ ಎಂಬ ಹೊಲಗಳ ಹೆಸರೂ ಸುಳಿವು ಕೊಡುತ್ತದೆ.

ಎರಡನೆಯದು ನಡೆದು ನೋಡುವುದು. ನಾಲ್ಕೈದು ಜನ ಸಾಲಾಗಿ, ಉತ್ತ ಹೊಲದಲ್ಲಿ ನೆಲದ ಮೇಲೆ ಕಣ್ಣಿಟ್ಟು ಸಾಗುತ್ತಾರೆ. ಬೋಕಿ, ಇಟ್ಟಿಗೆ ಚೂರು, ಮಣಿ ಎಲ್ಲಿ ದಟ್ಟವಾಗಿವೆಯೋ ಗುರುತಿಸುತ್ತಾರೆ. ಊರಿನ ಹಿರಿಯರನ್ನು ಮಾತನಾಡಿಸುತ್ತಾರೆ. ಮೂರನೆಯದು ಉಪಕರಣಗಳ ಕೆಲಸ. ಒಲೆ, ಆವಿಗೆಗಳಂತೆ ಸುಟ್ಟ ಮಣ್ಣಿರುವ ಜಾಗದಲ್ಲಿ ಭೂಮಿಯ ಕಾಂತತ್ವ ಕೊಂಚ ಬೇರೆಯಾಗಿರುತ್ತದೆ. ಹೂತ ಗೋಡೆಯ ಮೂಲಕ ವಿದ್ಯುತ್ ಸುಲಭವಾಗಿ ಹರಿಯದು. ತೇವ ಹಿಡಿದ ಹಳೆಯ ಕಂದಕದ ಮೂಲಕ ಹರಿಯುತ್ತದೆ. ಈ ವ್ಯತ್ಯಾಸಗಳನ್ನು ಅಳೆದು, ನೆಲ ಅಗೆಯದೆಯೇ ಒಳಗಿನ ನಕ್ಷೆ ತೆಗೆಯಬಹುದು. ಅನುಮಾನ ಬಂದ ಕಡೆ ಮಾತ್ರ ಸಣ್ಣ ಪರೀಕ್ಷಾ ಗುಂಡಿ ತೋಡುತ್ತಾರೆ.

ಆಮೇಲೆ ತೀರ್ಮಾನ. ಏನೂ ಇಲ್ಲದಿದ್ದರೆ ಕೆಲಸ ಮುಂದುವರಿಯಲಿ. ಸ್ವಲ್ಪ ಇದ್ದರೆ ಅಗೆಯುವಾಗ ತಜ್ಞರೊಬ್ಬರು ಪಕ್ಕದಲ್ಲಿ ನಿಂತು ನೋಡಲಿ. ಹೆಚ್ಚು ಇದ್ದರೆ ಕೊಳವೆಯನ್ನು ಹತ್ತಿಪ್ಪತ್ತು ಮೀಟರ್ ಆಚೆ ಸರಿಸಲಿ. ಸರಿಸಲು ಆಗದಿದ್ದರೆ ಮಾತ್ರ ಪೂರ್ಣ ಉತ್ಖನನ. ಅಣೆಕಟ್ಟನ್ನು ಸರಿಸುವುದು ಕಷ್ಟ. ಕೊಳವೆಯನ್ನು ಸರಿಸುವುದು ಸುಲಭ, ಕಾಗದದ ಮೇಲಿರುವಾಗ ಸರಿಸಿದರೆ ಇನ್ನೂ ಸುಲಭ.

ತಜ್ಞರ ಕಣ್ಣೇ ಏಕೆ ಬೇಕು ಎನ್ನುವುದಕ್ಕೆ ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳು ಒಳ್ಳೆಯ ಉದಾಹರಣೆ. ನೋಡಲು ಬರೀ ಬೂದಿಯ ಗುಡ್ಡೆ. ಹಂಪೆಯ ಬಳಿ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮ ಎಂದು ಜನ ನಂಬಿದ್ದಾರೆ. ನವಶಿಲಾಯುಗದ ದನಗಾಹಿಗಳು ಕೂಡಿಹಾಕಿ ಸುಟ್ಟ ಸಗಣಿಯ ರಾಶಿಗಳಿವು ಎಂಬುದು ಸಂಶೋಧನೆಯಿಂದ ತಿಳಿದಿದೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದಲ್ಲಿ ದನ ಕಾಯ್ದವರ ದೊಡ್ಡಿಗಳ ಕುರುಹು ಅದು. ವಿಗ್ರಹವಿಲ್ಲ, ಶಾಸನವಿಲ್ಲ. ಯಂತ್ರ ನಡೆಸುವವನಿಗೆ ಅದು ಬೂದಿಯಾಗಿ ಮಾತ್ರ ಕಂಡರೆ ತಪ್ಪು ಅವನದಲ್ಲ.

ಕಾನೂನಿನ ಒಂದು ಸಾಲು

ನಮ್ಮಲ್ಲಿ ಕಾನೂನು ಇಲ್ಲವೆಂದಲ್ಲ. 1878ರ ನಿಧಿ ಕಾಯ್ದೆಯಂತೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕವರು ಅಧಿಕಾರಿಗಳಿಗೆ ತಿಳಿಸಬೇಕು. ಆದರೆ ಅದು ಸಿಕ್ಕ ಮೇಲಿನ ಮಾತು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ ರಕ್ಷಣೆ ಕೊಟ್ಟಿದೆ. ದೇಶದಲ್ಲಿ ಇಂಥವು ಮೂರೂವರೆ ಸಾವಿರಕ್ಕೂ ಹೆಚ್ಚು. 2010ರ ತಿದ್ದುಪಡಿ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಗೊತ್ತುಪಡಿಸಿತು. ಪಟ್ಟಿಯಲ್ಲಿಲ್ಲದ ನೆಲಕ್ಕೆ ಈ ರಕ್ಷಣೆ ಇಲ್ಲ.

ಅದೇ ತಿದ್ದುಪಡಿಯಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಸಾಲಿದೆ. ‘ನಿರ್ಮಾಣ’ ಎಂದರೇನು ಎಂದು ವಿವರಿಸುವಾಗ ಕಾನೂನು ಕೆಲವು ಕೆಲಸಗಳನ್ನು ಹೊರಗಿಟ್ಟಿತು. ಚರಂಡಿ, ಸಾರ್ವಜನಿಕ ಶೌಚಾಲಯ, ಜನರಿಗೆ ನೀರು ಒದಗಿಸುವ ಕಾಮಗಾರಿ, ವಿದ್ಯುತ್ ವಿತರಣೆ- ಇವು ‘ನಿರ್ಮಾಣ’ದ ವ್ಯಾಖ್ಯೆಗೆ ಬರುವುದಿಲ್ಲ. ಸಂರಕ್ಷಿತ ಪ್ರದೇಶದ ಒಳಗೇ ಅಗೆಯಲು ಅನುಮತಿ ಬೇಕು, ನಿಜ. ಅದರ ಸುತ್ತಲಿನ ನೆಲದಲ್ಲಿ, ಹಳೆಯ ಊರು ಹರಡಿಕೊಂಡಿರುವ ಸಾಧ್ಯತೆ ಹೆಚ್ಚಿರುವ ನೆಲದಲ್ಲಿ, ನಿರ್ಮಾಣದ ಮೇಲಿನ ನಿಷೇಧ ಈ ಕೆಲಸಗಳಿಗೆ ತಟ್ಟುವುದಿಲ್ಲ.

ಈ ವಿನಾಯಿತಿ ಅನ್ಯಾಯವೆಂದು ಹೇಳುವುದು ತಪ್ಪಾಗುತ್ತದೆ. ಸ್ಮಾರಕದ ಪಕ್ಕದಲ್ಲಿ ಬಾಳುವವರಿಗೂ ನಲ್ಲಿ ಬೇಕು, ದೀಪ ಬೇಕು, ಚರಂಡಿ ಬೇಕು. ಸಾವಿರ ವರ್ಷದ ಹಿಂದೆ ಸತ್ತವರಿಗಾಗಿ ಇಂದು ಬದುಕಿರುವ ಹೆಂಗಸು ಎರಡು ಮೈಲಿ ದೂರದಿಂದ ಕೊಡ ಹೊರಬೇಕೆಂದು ಯಾವ ವಿವೇಕಿಯೂ ಹೇಳಲಾರ. ಆದರೆ ನಿಷೇಧದಿಂದ ವಿನಾಯಿತಿ ಕೊಡುವುದು ಒಂದು. ನೋಡುವ ಹೊಣೆಯಿಂದಲೇ ವಿನಾಯಿತಿ ಪಡೆಯುವುದು ಇನ್ನೊಂದು. ಮೊದಲನೆಯದು ಜನರಿಗೆ ಬೇಕಾದದ್ದು. ಎರಡನೆಯದು ಯಾರಿಗೂ ಬೇಕಾದದ್ದಲ್ಲ. ಇವೆರಡನ್ನೂ ಒಂದೇ ಎಂದು ತಿಳಿದುದರಿಂದಲೇ ಕಾಲುವೆ ತೋಡುವ ಕಡೆ ನೋಡುವ ಕಣ್ಣು ಇಲ್ಲವಾಗಿದೆ.

2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಪ್ರತಿ ಮನೆಗೂ ನಲ್ಲಿ ನೀರು ಕೊಡುವ ಯೋಜನೆ. ದೊಡ್ಡ ಕೆಲಸ, ಒಳ್ಳೆಯ ಕೆಲಸ. ನಮ್ಮ ಬಹಳಷ್ಟು ಹಳ್ಳಿಗಳು ಹಳೆಯ ಹಳ್ಳಿಗಳ ಮೇಲೆಯೇ ಕುಳಿತಿವೆ. ಬೀದಿ ಬೀದಿಯಲ್ಲಿ ತೋಡಿದ ಒಂದೊಂದು ಕಾಲುವೆಯೂ ಆ ಊರಿನ ಚರಿತ್ರೆಯನ್ನು ಅಡ್ಡಲಾಗಿ ಸೀಳಿ ತೋರಿಸುವ ಕಿಟಕಿ. ಕೊಳವೆ ಇಟ್ಟು ಮಣ್ಣು ಮುಚ್ಚುವವರೆಗೆ ಮಾತ್ರ ತೆರೆದಿರುವ ಕಿಟಕಿ.

ಭಯ ಹೋಗಬೇಕು

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಹೊಲದಲ್ಲಿ ಹಳೆಯ ವಸ್ತು ಸಿಕ್ಕರೆ ರೈತ ಹೆದರುತ್ತಾನೆ. ಇಲಾಖೆ ಹೊಲವನ್ನೇ ವಶಪಡಿಸಿಕೊಂಡರೆ ಗತಿಯೇನು ಎಂಬ ಚಿಂತೆ ಅವನಿಗೆ. ಗುತ್ತಿಗೆದಾರನೂ ಹೆದರುತ್ತಾನೆ, ಕೆಲಸ ನಿಂತರೆ ಬಾಡಿಗೆ ಯಂತ್ರದ ಲೆಕ್ಕ ಏರುತ್ತದೆ, ಬಿಲ್ಲು ತಡವಾಗುತ್ತದೆ. ಹೀಗಾಗಿ ಇಬ್ಬರೂ ಮಣ್ಣು ಮುಚ್ಚಿ ಸುಮ್ಮನಾಗುವುದೇ ಲೇಸೆಂದುಕೊಳ್ಳುತ್ತಾರೆ. ಇವರನ್ನು ಬೈದು ಫಲವಿಲ್ಲ. ಸಮೀಕ್ಷೆಯ ದಿನಗಳನ್ನೂ ಖರ್ಚನ್ನೂ ಟೆಂಡರಿನಲ್ಲೇ ಸೇರಿಸಿದರೆ ಗುತ್ತಿಗೆದಾರನಿಗೆ ನಷ್ಟವಿಲ್ಲ. ಸಿಕ್ಕದ್ದನ್ನು ದಾಖಲಿಸಿ ಹೊಲವನ್ನು ರೈತನಿಗೇ ಬಿಡುವ ಭರವಸೆ ಕೊಟ್ಟರೆ ಅವನೇ ಕರೆದು ತೋರಿಸುತ್ತಾನೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪ್ರಾಚೀನ ಇತಿಹಾಸ, ಪುರಾತತ್ವ ಓದುವ ವಿದ್ಯಾರ್ಥಿಗಳಿದ್ದಾರೆ. ಕೊಳವೆಯ ದಾರಿಯನ್ನು ಮೊದಲೇ ನಡೆದು ನೋಡುವ ಕೆಲಸಕ್ಕೆ ಅವರಿಗಿಂತ ಉತ್ಸಾಹಿಗಳು ಬೇರೆ ಸಿಗಲಾರರು.

ಕಾನೂನು ಬದಲಾಗುವವರೆಗೆ ಸಾಮಾನ್ಯರು ಮಾಡಬಹುದಾದದ್ದೂ ಇದೆ. ನಿಮ್ಮ ಬೀದಿಯಲ್ಲಿ ಕಾಲುವೆ ತೋಡಿದಾಗ ಒಮ್ಮೆ ಬಗ್ಗಿ ನೋಡಿ. ಮಣ್ಣಿನ ಬಣ್ಣ ಪಟ್ಟೆ ಪಟ್ಟೆಯಾಗಿ ಬದಲಾಗಿದ್ದರೆ, ಬೂದಿ, ಬೋಕಿ, ಹಳೆಯ ಇಟ್ಟಿಗೆಯ ಸಾಲು ಕಂಡರೆ, ಎತ್ತಿಕೊಳ್ಳದೆ ಇದ್ದಲ್ಲೇ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ಅಳತೆ ಕೋಲು ಇಡಿ. ಜಾಗವನ್ನೂ ಆಳವನ್ನೂ ಬರೆದುಕೊಳ್ಳಿ. ತಹಶೀಲ್ದಾರರಿಗೋ ಪುರಾತತ್ವ ಇಲಾಖೆಗೋ ತಿಳಿಸಿ. ಇಷ್ಟಕ್ಕೆ ಅರ್ಧ ಗಂಟೆ ಸಾಕು.

ಮೆಕ್ಸಿಕೊ ನಗರದ ಆ ಕೆಲಸಗಾರರು ಪುರಾತತ್ವ ಓದಿದವರಲ್ಲ. ಕಲ್ಲಿನ ಮೇಲೆ ಕೆತ್ತನೆ ಕಂಡಿತು, ಕೈ ತಡೆಯಿತು, ಅಷ್ಟೆ. ಅವರ ಹಾರೆಗೆ ಸಿಕ್ಕಿದ್ದು ಗಟ್ಟಿ ಶಿಲೆಯಾದ್ದರಿಂದ ಅದು ತಡೆಯಿತು. ಬೂದಿ ತಡೆಯುವುದಿಲ್ಲ, ಬೋಕಿ ತಡೆಯುವುದಿಲ್ಲ, ಮಣ್ಣಿನ ಗೋಡೆ ತಡೆಯುವುದಿಲ್ಲ. ಅವುಗಳ ಪರವಾಗಿ ಗುದ್ದಲಿ ಬೀಳುವ ಮುನ್ನವೇ ಯಾರಾದರೂ ಒಮ್ಮೆ ಆ ದಾರಿ ನಡೆದಿರಬೇಕು.